ಅಕ್ಕೋರ ಕಪ್ಪು ಬೂಟು

ಆಗ ನನಗೆ ನಲವತ್ತೇಳು. ಅದಕ್ಕೆ ಈಗ ಹದಿನೆಂಟು ವರ್ಷವಾಯಿತು. ಕುಮಟೆಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿದ ದಿನ ನಾನು ಅಕ್ಕೋರ ಮುಖಕ್ಕಿಂತ ಮೊದಲು ಕಾಲು ನೋಡಿದೆ. ನೀಲಿ ಹೂವಿನ ವಾಯಿಲ್ ಸೀರೆ, ನಾಲ್ಕು ಬೆರಳು ಮೇಲೆತ್ತಿ ಪಿನ್ನು ಹಾಕಿದ್ದು. ಅದರ ಕೆಳಗೆ ಗಂಡಸರ ಕಪ್ಪು ಬೂಟು, ಪೋಲೀಸರು ಹಾಕುತ್ತಾರಲ್ಲ ಅಂಥದ್ದು. ಲಾಡಿ ಬಿಗಿದು ಕಟ್ಟಿತ್ತು, ಪಾಲಿಶ್ ಹೊಳೆಯುತ್ತಿತ್ತು. ನನಗೆ ನಗು ತಡೆಯಲಿಲ್ಲ.

"ನಗು. ನಕ್ಕು ಮುಗ್ಸು," ಅಂದರು. "ಆಮೇಲೆ ನೀನೂ ಒಂದು ಜೊತೆ ತಕೋ."

"ನಾನಾ? ಬೂಟಾ? ಮಿರ್ಜಾನದಲ್ಲಿ ನಮ್ಮನೆ ನಾಯೇ ನನ್ನ ಒಳಗೆ ಬಿಡೂದಿಲ್ಲ."

ಹವಾಯಿ ಚಪ್ಪಲಿಯಲ್ಲೇ ಕೆಲಸ ಶುರು ಮಾಡಿದೆ. ಅವರು ದಿನಾ ನನ್ನ ಕಾಲು ನೋಡಿ ಮೂಗು ಮುರಿಯುವುದು, ನಾನು ಅವರ ಕಾಲು ನೋಡಿ ನಗುವುದು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಇವರು ಕಲಿಸುವವರಲ್ಲ, ಲ್ಯಾಬ್ ನೋಡಿಕೊಳ್ಳುವವರು. ಆದರೂ ಪ್ರಿನ್ಸಿಪಾಲರಿಂದ ಹಿಡಿದು ಎಲ್ಲರೂ ಹಾಗೇ ಕರೆಯುತ್ತಿದ್ದರು. ಭಟ್ಕಳದ ಹತ್ತಿರ ಹೆಬಳೆಯವರು. ಬೆಳಿಗ್ಗೆ ರೈಲು ಹತ್ತಿ ಬರುವುದು, ಸಂಜೆ ರೈಲು ಹತ್ತಿ ಹೋಗುವುದು. ಮದುವೆ ಯಾಕೆ ಆಗಲಿಲ್ಲ ಅಂತ ಒಮ್ಮೆ ಕೇಳಿದೆ. "ಪುರ್ಸೊತ್ತಾಗ್ಲಿಲ್ಲ" ಅಂದರು. ಹೋದ ವರ್ಷ ಸಕ್ಕರೆ ಕಾಯಿಲೆ ಜಾಸ್ತಿಯಾಗಿ ತೀರಿಕೊಂಡರು. ಇದನ್ನು ಕೊನೆಗೆ ಇಟ್ಟು ಯಾರನ್ನೂ ಅಳಿಸುವ ಮನಸ್ಸು ನನಗಿಲ್ಲ, ಅದಕ್ಕೆ ಈಗಲೇ ಹೇಳಿದೆ.

ಲ್ಯಾಬಿನ ಮೂಲೆಯಲ್ಲಿ ಸೊಂಟದೆತ್ತರದ ಒಂದು ಉಕ್ಕಿನ ಹಂಡೆ ಇತ್ತು. ಆಟೋಕ್ಲೇವ್ ಅನ್ನುತ್ತಾರೆ. ಕುಕ್ಕರಿನ ಅಜ್ಜ ಅಂದುಕೊಳ್ಳಿ. ಅಡಿಯಲ್ಲಿ ನೀರು ಕಾಯಿಸುವ ಕರೆಂಟಿನ ಕಾಯಿಲ್, ಅದು ಮುಳುಗುವಷ್ಟು ನೀರು, ನೀರಿನ ಮೇಲೆ ಬುಟ್ಟಿ. ಭಾರದ ಮುಚ್ಚಳ, ಸುತ್ತ ತಿರುಪು. ಮುಚ್ಚಳದ ಮೇಲೆ ಗಡಿಯಾರದ ಹಾಗೆ ಒಂದು ಮುಖ, ಅದರಲ್ಲಿ ಒಂದು ಸೂಜಿ. ಒಳಗೆ ಹಬೆ ತುಂಬಿದ ಹಾಗೆ ಸೂಜಿ ಏರುತ್ತದೆ. ಹದಿನೈದಕ್ಕೆ ಏರಿ ಹೇಳಿದಷ್ಟು ಹೊತ್ತು ಅಲ್ಲೇ ನಿಂತರೆ ಒಳಗಿನ ಕ್ರಿಮಿ ಸಾಯುತ್ತದೆ. ಹುಡುಗರು ಕ್ರಿಮಿ ಬೆಳೆಸಲು ಮಾಡುವ ಗಂಜಿ, ಅಗರ್ ಅಂತ ಹೆಸರು, ಅದೂ ಇದರಲ್ಲೇ ಬೇಯಬೇಕು. ಕ್ರಿಮಿ ಬೆಳೆದು ಕೆಲಸ ಮುಗಿದ ತಟ್ಟೆಗಳೂ ಬಿಸಾಡುವ ಮೊದಲು ಇದರಲ್ಲೇ ಬೇಯಬೇಕು. ಸ್ವಚ್ಛದ್ದು ಬೆಳಿಗ್ಗೆ, ಹೊಲಸಿನದು ಮಧ್ಯಾಹ್ನ ಎಲ್ಲ ಮುಗಿದ ಮೇಲೆ. ಎರಡನ್ನೂ ಒಟ್ಟಿಗೆ ಹಾಕಿದರೆ ಅಕ್ಕೋರು ಕೈ ಮುರಿಯುತ್ತಿದ್ದರು.

ಕಾಲೇಜಿಗೆಲ್ಲ ಇದ್ದದ್ದು ಅದೊಂದೇ. ಮೂರು ವಿಭಾಗದವರಿಗೂ ಬೇಕು, ಮೂವರಿಗೂ ಈಗಲೇ ಬೇಕು. ಒಬ್ಬರು ನೀರು ನೋಡದೆ ಸ್ವಿಚ್ಚು ಒತ್ತುವವರು. ಒಬ್ಬರು ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಪಿ ತರುವವರು. ಒಬ್ಬರು ಹಾಕಿ ಚಾ ಕುಡಿಯಲು ಹೋದರೆ ಹೋದರೇ. ಅದಕ್ಕೆ ಅಕ್ಕೋರು ಗೋಡೆಗೆ ಒಂದು ಉದ್ದನೆಯ ಪುಸ್ತಕ ಹಗ್ಗ ಕಟ್ಟಿ ತೂಗುಹಾಕಿದ್ದರು. ಯಾರದ್ದು, ಒಳಗೆ ಎಂತ ಇದೆ, ಸೂಜಿ ಎಷ್ಟಕ್ಕೆ ಹೋಯಿತು, ಎಷ್ಟು ಹೊತ್ತು ನಿಂತಿತು, ಪಟ್ಟಿ ಕಪ್ಪಾಯಿತೋ ಇಲ್ಲವೋ. ಪಟ್ಟಿ ಅಂದರೆ ಒಂದು ಬಿಳಿ ಅಂಟುಕಾಗದ. ಹೊರೆಯ ಮೇಲೆ ಅಂಟಿಸಿ ಒಳಗೆ ಇಡುವುದು. ಸರಿಯಾಗಿ ಬೆಂದರೆ ಅದರ ಮೇಲೆ ಕಪ್ಪು ಗೆರೆ ಎದ್ದು ಬರುತ್ತದೆ. ಪ್ರೊಫೆಸರರೇ ಆಗಲಿ, ಬರೆಯದೆ ಬುಟ್ಟಿ ಎತ್ತುವ ಹಾಗಿಲ್ಲ.

ಯಂತ್ರ ನಡೆಯುವಾಗ ಅಕ್ಕೋರು ಕೂತದ್ದು ನಾನು ಕಂಡಿಲ್ಲ. ಸುತ್ತು ಹಾಕುತ್ತಿದ್ದರು. ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ, ಟಕ್ ಟಕ್ ಅಂತ ಬೂಟು. ನಡುವೆ ಉಗುರಿನಿಂದ ಸೂಜಿಯ ಗಾಜಿಗೆ ತಟ್ಟುವುದು. ಬುತ್ತಿಯೂ ನಿಂತೇ. ನನಗೂ ಕೂತಲ್ಲಿ ಕೂರುವ ಅಭ್ಯಾಸ ಇಲ್ಲ, ಆದರೆ ನನ್ನದು ಕಾಲಿನ ತುರಿಕೆ. ಅವರದು ಬೇರೆ. ಅವರ ಕಿವಿ ಅಲ್ಲೇ ಇರುತ್ತಿತ್ತು.

"ಅಕ್ಕೋರೇ, ಇನ್ನೆಷ್ಟು ಹೊತ್ತು?" ಅಂತ ಸಸ್ಯಶಾಸ್ತ್ರದ ಸರ್ ಬಾಗಿಲಲ್ಲಿ ನಿಂತು ಕೇಳುವರು.

"ಸೂಜಿ ಕೇಳಿ ಸರ್. ನನ್ನ ಕೇಳ್ಬೇಡಿ."

"ಐದಕ್ಕೆ ಇಳಿದಿದೆಯಲ್ಲ, ತೆಗೀರಿ. ಹುಡುಗ್ರು ಕಾಯ್ತಾ ಇದ್ದಾರೆ."

"ಸೊನ್ನೆಗೆ ಬರ್ಲಿ. ಈಗ ತೆಗೆದ್ರೆ ಹಬೆ ನನ್ನ ಮುಖಕ್ಕೇ ಬತ್ತದೆ. ಆ ಮುಖಕ್ಕೆ ಆಮೇಲೆ ಗಂಡು ಹುಡ್ಕೂದು ಯಾರು, ನೀವಾ?"

ಸರ್ ಹೋಗುವರು. ಮತ್ತೆ ಎರಡು ನಿಮಿಷಕ್ಕೆ ಬರುವರು. ಅಕ್ಕೋರು ಮತ್ತೆ ಅದೇ ಹೇಳುವರು.

ಬೂಟಿನ ಕತೆಯೂ ಅದೇ. ಮುಚ್ಚಳ ಬಿಗಿದ ಒಂದು ಬಾಟಲಿ ಹೊರಗೆ ತೆಗೆದ ಮೇಲೆ ಒಡೆದು, ಕುದಿಯುವ ಅಗರ್ ಹಿಂದಿನ ಅಟೆಂಡರನ ಕಾಲಿಗೆ ಬಿದ್ದಿತ್ತಂತೆ. "ನೀರಾದ್ರೆ ಇಳಿದು ಹೋತದೆ. ಇದು ಬೆಲ್ಲದ ಪಾಕದ ಹಂಗೆ, ಹಿಡಿದ್ರೆ ಚರ್ಮ ತಕೊಂಡೇ ಬರೂದು" ಅಂದರು. ಮರುವಾರ ಪೇಟೆಗೆ ಹೋಗಿ, ಹೆಂಗಸರ ಚಪ್ಪಲಿಯೆಲ್ಲ ತೂತಿನದೇ ಅಂತ ಗಂಡಸರ ಬೂಟು ತಂದರಂತೆ. ನಾನು ಕೇಳಿದೆ, ತಲೆಯಾಡಿಸಿದೆ, ಹವಾಯಿ ಚಪ್ಪಲಿಯಲ್ಲೇ ಇದ್ದೆ.

ಸೇರಿದ ಮೊದಲ ತಿಂಗಳೇ ನಾನು ಒಂದು ಘನಕಾರ್ಯ ಮಾಡಿದೆ. ಮಿರ್ಜಾನದಲ್ಲಿ ನೀರು ಇಳಿದಾಗ ಹೊಳೆಯಲ್ಲಿ ಬಳಚು ಸಿಗುತ್ತದೆ, ಒಳಗೆ ಮಾಂಸ ಇರುವ ಜೋಡು ಚಿಪ್ಪು. ಬೆಳಿಗ್ಗೆ ಹೆಕ್ಕಿದ್ದು ಡಬ್ಬಿ ತುಂಬ ತಂದಿದ್ದೆ. ಮಧ್ಯಾಹ್ನ ಈ ಹಂಡೆ ಸುಮ್ಮನೆ ಕೂತಿತ್ತು, ಒಳಗೆ ನೀರು ಬಿಸಿ ಇತ್ತು. ಹತ್ತು ನಿಮಿಷ ಹಬೆ ಕೊಟ್ಟರೆ ಬಾಯಿ ಬಿಡುತ್ತದೆ ಅಂತ ಡಬ್ಬಿ ಇಳಿಸಿ ಸ್ವಿಚ್ಚು ಒತ್ತಿದೆ. ಭತ್ತ ಬೇಯಿಸಿದ ಕೈ ನನ್ನದು, ಹಬೆ ನನಗೆ ಯಾರೂ ಕಲಿಸಬೇಕಾಗಿಲ್ಲ ಅಂತ ಜಂಬ.

ಅಕ್ಕೋರು ಬಂದು ಗಾಳಿ ಮೂಸಿದರು. ತಾವೇ ಮುಚ್ಚಳ ತೆಗೆದರು. ಬಳಚು ಎಲ್ಲ ಚೆಂದಕ್ಕೆ ಬಾಯಿ ಬಿಟ್ಟಿತ್ತು.

"ಎಂತ ಇದು?"

"ಬಳಚು. ನಿಮಗೂ ಇದೆ."

"ನಿನ್ನೆ ಮಧ್ಯಾಹ್ನ ಈ ಬುಟ್ಟಿಯಲ್ಲಿ ಎಂತ ಇತ್ತು ಗೊತ್ತಿದಾ? ಗಟಾರದ ನೀರಿಂದ ಬೆಳೆಸಿದ ಕ್ರಿಮಿ."

"ಸತ್ತಿತ್ತಲ್ಲ?"

"ಸತ್ತಿತ್ತು. ಹೆಣ ಬೇಯಿಸಿದ ಪಾತ್ರೆಯಲ್ಲಿ ಅನ್ನ ಮಾಡೂದಾ ನಿಮ್ಮನೇಲಿ?"

ಡಬ್ಬಿ ಸಮೇತ ಬಳಚನ್ನು ಹೊಲಸಿನ ಚೀಲಕ್ಕೆ ಹಾಕಿಸಿದರು. ನನ್ನ ಹೊಸ ಡಬ್ಬಿ. ಆಮೇಲೆ ತಮ್ಮ ಬುತ್ತಿಯಲ್ಲಿ ಅರ್ಧ ನನ್ನ ಮುಂದೆ ನೂಕಿದರು. ನಾನು ಸಿಟ್ಟಿನಲ್ಲೇ ತಿಂದೆ. ಉಪ್ಪು ಕಡಿಮೆ ಇತ್ತು, ಅದನ್ನೂ ಹೇಳಿದೆ.

ಊಟ ಆದ ಮೇಲೆ, "ಓದೂಕೆ ಬತ್ತದಾ?" ಅಂತ ಕೇಳಿದರು.

"ಹೆಸ್ರು ಬರೀತೆ. ಅಂಕಿ ಓದ್ತೆ."

"ಸಾಕು. ಉಳಿದದ್ದು ಈ ಪುಸ್ತಕದಲ್ಲೇ ಕಲಿ."

ಕಲಿತೆ. ಮೊದಲು 'ಬಾಟಲಿ' ಬಂತು, ಆಮೇಲೆ 'ತಟ್ಟೆ', ಆಮೇಲೆ 'ಹೊಲಸು', 'ಕಪ್ಪು'. ಬೇರೆಯವರು ಸೀತೆ, ರಾಮ ಅಂತ ಕಲಿಯುತ್ತಾರೆ, ನಾನು ಹೊಲಸು ಅಂತ ಕಲಿತೆ. ಈಗ ಇದನ್ನು ಬರೆಯುತ್ತಿರುವ ಅಕ್ಷರವೂ ಅಲ್ಲಿಂದಲೇ ಬಂದದ್ದು. ತಪ್ಪಿದ್ದಲ್ಲಿ ಮೊಮ್ಮಗಳು ತಿದ್ದಿದ್ದಾಳೆ. ವರ್ಷ ಕಳೆಯುವುದರೊಳಗೆ ಮಧ್ಯಾಹ್ನದ ಹೊಲಸಿನ ಹೊರೆ ನನ್ನ ಪಾಲಿಗೆ ಬಂತು. ಹಾಕುವುದು ನಾನು, ಬರೆಯುವುದು ನಾನು, ನೋಡುವುದು ಅವರು.

ಈಗ ಸೇರಿದ ಮರುವರ್ಷದ ಜೂನ್ ತಿಂಗಳ ವಿಷಯ. ಮಳೆ ಶುರುವಾಗಿತ್ತು. ದಿನಗೂಲಿಯವರಲ್ಲಿ ಇಬ್ಬರನ್ನು ಖಾಯಂ ಮಾಡುವ ಪಟ್ಟಿ ಅದೇ ತಿಂಗಳು ಹೋಗುವುದಿತ್ತು, ನನ್ನ ಹೆಸರು ಅದರಲ್ಲಿತ್ತು. ಅಕ್ಕೋರ ತಾಯಿಗೆ ಹೊನ್ನಾವರದಲ್ಲಿ ಕಣ್ಣಿನ ಆಪರೇಶನ್ ಅಂತ ಅವರು ಒಂದು ದಿನ ಮೂರು ಗಂಟೆಗೇ ಹೊರಟರು. ನಾನು ಆಗಷ್ಟೇ ಹೊಲಸಿನ ಚೀಲ ಒಳಗೆ ಇಳಿಸಿದ್ದೆ.

"ಹದಿನೈದಕ್ಕೆ ಬಂದ ಮೇಲೆ ಮುಕ್ಕಾಲು ತಾಸು. ನಡುವೆ ಕರೆಂಟು ಹೋದ್ರೆ ಮತ್ತೆ ಮೊದ್ಲಿಂದ. ಕದಲ್ಬೇಡ."

"ಆತು ಆತು. ಹೋಗಿ, ರೈಲು ತಪ್ತದೆ."

ಸೂಜಿ ಹತ್ತಕ್ಕೆ ಏರಿತು, ಕರೆಂಟು ಹೋಯಿತು. ಬಂತು. ಹನ್ನೆರಡಕ್ಕೆ ಏರಿತು, ಮತ್ತೆ ಹೋಯಿತು. ಮೂರನೆಯ ಸಲ ಹದಿನೈದು ಮುಟ್ಟಿ ಎಂಟು ನಿಮಿಷ ನಿಂತದ್ದು ನೋಡಿದೆ, ಮತ್ತೆ ಕತ್ತಲೆ. ನಾನು ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ. ಐದೂವರೆಯ ಬಸ್ಸಿನ ಹೊತ್ತಾಯಿತು. ನೆಪ ಹೇಳುವುದಿಲ್ಲ. ಮನೆಯಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ, ಯಾರೂ ಬರುವವರಿರಲಿಲ್ಲ. ನನಗೆ ಮನೆಗೆ ಹೋಗಬೇಕು ಅನಿಸಿತು, ಅಷ್ಟೇ. ಮೂರು ಸಲ ಬಿಸಿಯಾಗಿದೆ, ಒಂದು ಹಂಡೆ ಭತ್ತ ಬೇಯುವಷ್ಟು ಹಬೆ ಆಗಿದೆ, ಇನ್ನು ಕ್ರಿಮಿ ಬದುಕಿ ಎಂತ ಮಾಡುತ್ತದೆ ಅಂದುಕೊಂಡೆ. ಸೂಜಿ ಸೊನ್ನೆಗೆ ಇಳಿದ ಮೇಲೆ ಚೀಲ ತೆಗೆದೆ. ಪಟ್ಟಿ ಬೆಳ್ಳಗೇ ಇತ್ತು. ಪುಸ್ತಕದಲ್ಲಿ ಮುಕ್ಕಾಲು ತಾಸು ಅಂತ ಬರೆದೆ, ಕಪ್ಪು ಅಂತ ಬರೆದೆ. ದುಂಡಗಿನ ಅಕ್ಷರ. ಚೀಲವನ್ನು ಹಿತ್ತಲ ಕಸದ ಗೂಡಿಗೆ ಹಾಕಿ ಬಸ್ಸಿಗೆ ಓಡಿದೆ.

ಬಸ್ಸಿನಲ್ಲಿ ಕೂತ ಮೇಲೆ ಬೆರಳು ನೆನಪಾಯಿತು.

ನಮ್ಮ ಕಸ ಒಯ್ಯುವುದು ಮುನ್ಸಿಪಾಲ್ಟಿ ಗಾಡಿಯ ಒಬ್ಬ ಹೆಂಗಸು. ನಾನು ಅವಳನ್ನು ತಂಗಿ ಅನ್ನುತ್ತಿದ್ದೆ. ಬೆಂದ ಚೀಲ ಬಿಚ್ಚಿ, ಕರಗಿ ಮುದ್ದೆಯಾದ ಪ್ಲಾಸ್ಟಿಕ್ ತಟ್ಟೆಗಳನ್ನು ಬರಿಗೈಯಲ್ಲೇ ಹೆಕ್ಕಿ ಗುಜರಿಗೆ ಹಾಕುವುದು ಅವಳ ರೂಢಿ. ಬೆಂದದ್ದು ತಾನೇ, ಯಾರೂ ಬೇಡ ಅಂದಿರಲಿಲ್ಲ. ಅವತ್ತು ಮಧ್ಯಾಹ್ನ ನಲ್ಲಿಯ ಹತ್ತಿರ ಸಿಕ್ಕಿದ್ದಳು. ಬಲಗೈ ಬೆರಳಿಗೆ ಚಿಂದಿ ಸುತ್ತಿತ್ತು. "ಬಳಚಿನ ಚಿಪ್ಪು ಕೊಯ್ತು ಅಕ್ಕ, ಆಳಕ್ಕೆ ಹೋಗದೆ" ಅಂದಿದ್ದಳು. ನಾನು ನೋಡಿ, "ಅರಶಿನ ಹಚ್ಚು" ಅಂದಿದ್ದೆ.

ಮನೆಗೆ ಬಂದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಹೊಳೆ ದಂಡೆಗೆ ಹೋದೆ, ಸುಮ್ಮನೆ ಬಂದೆ. ಮತ್ತೆ ಹೋದೆ.

"ಎಂತ ಕಳ್ಕೊಂಡಿದೀರಿ ಅತ್ತೆ?" ಅಂದಳು ಸೊಸೆ.

"ಎಂತದೂ ಇಲ್ಲ."

"ಮತ್ತೆ ಎಂತ ಹುಡ್ಕ್ತಾ ಇದೀರಿ?"

ಕೈ ತೊಳೆದು ಊಟಕ್ಕೆ ಕೂತೆ, ಅರ್ಧಕ್ಕೇ ಎದ್ದು ಮತ್ತೆ ಕೈ ತೊಳೆದೆ. ನಿದ್ದೆಯ ವಿಷಯ ಕೇಳಬೇಡಿ.

ಬೆಳಿಗ್ಗೆ ಮೊದಲ ಬಸ್ಸು ಹಿಡಿದೆ. ಕಾಲೇಜಿನ ಹಿತ್ತಲಿಗೆ ಓಡಿದರೆ ಕಸದ ಗೂಡು ಖಾಲಿ. ಗಾಡಿ ಬಂದು ಹೋಗಿತ್ತು. ಮಳೆ ಬೇರೆ. ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟಿದ್ದೆ. ಮೀನು ಪೇಟೆಯ ತನಕ ಓಡಿದೆ. ಹವಾಯಿ ಚಪ್ಪಲಿ ಎರಡು ಸಲ ಕಳಚಿತು. ಗಾಡಿ ಅಲ್ಲಿ ನಿಂತಿತ್ತು, ತಂಗಿ ಮೇಲೆ ನಿಂತು ಕಸ ತುಳಿಯುತ್ತಿದ್ದಳು.

"ಚೀಲ! ನಮ್ಮ ಚೀಲ ಬಿಚ್ಚಿದ್ಯಾ?"

"ಇಲ್ಲ ಅಕ್ಕ. ಅದನ್ನ ಗಾಡಿಗೆ ಹಾಕ್ಲೇ ಇಲ್ಲ. ಕೋಲಲ್ಲಿ ಎತ್ತಿ ನಿಮ್ಮ ಹಿಂದಿನ ಬಾಗ್ಲ ಹತ್ರ ಇಟ್ಟಿದೆ. ನಾಯಿ ಎಳೀತದೆ ಅಂತ ಮೇಲೆ ಬುಟ್ಟಿ ಕವುಚಿದೆ."

"ಎಂತಕೆ?"

"ಪಟ್ಟಿ ಬೆಳ್ಳಗಿತ್ತಲ್ಲ. ಗೆರೆ ಕಪ್ಪಾಗದ ಚೀಲ ಸತ್ರೂ ಮುಟ್ಬೇಡ ಅಂತ ಅಕ್ಕೋರು ಹೇಳಿದ್ರು. ನಂಗೆ ಓದೂಕೆ ಬತ್ತದಾ? ಗೆರೆ ಕಾಣ್ತದೆ."

ನಾನು ಗಾಡಿಯ ಚಕ್ರ ಹಿಡಿದು ನಿಂತೆ. ಆ ಪಟ್ಟಿ ಪುಸ್ತಕಕ್ಕಾಗಿ, ಸರ್‌ಗಳಿಗಾಗಿ ಅಂತ ನಾನು ತಿಳಿದಿದ್ದೆ. ಪುಸ್ತಕ ಓದದವಳ ಸಲುವಾಗಿಯೂ ಅದು ಅಂತ ಅಕ್ಕೋರು ಒಂದು ದಿನವೂ ಹೇಳಿರಲಿಲ್ಲ. ಹೇಳಬೇಕಾದವಳಿಗೆ ಹೇಳಿದ್ದರು.

"ಅಕ್ಕೋರಿಗೆ ಹೇಳೂದಾ?" ಅಂತ ತಂಗಿ ಕೇಳಿದಳು.

"ನಾ ಹೇಳ್ತೆ," ಅಂದೆ. ಹೇಳುವ ಮನಸ್ಸು ಇರಲಿಲ್ಲ.

ಅಕ್ಕೋರ ರೈಲಿಗೆ ಇನ್ನೂ ಒಂದೂವರೆ ತಾಸು ಇತ್ತು. ಲ್ಯಾಬಿನ ಕೀಲಿ ನನ್ನ ಸೊಂಟದಲ್ಲೇ. ಚೀಲ ಒಳಗೆ ತಂದೆ, ನೀರು ನೋಡಿದೆ, ಹೊಸ ಪಟ್ಟಿ ಅಂಟಿಸಿದೆ, ತಿರುಪು ಎದುರುಬದುರು ಬಿಗಿದೆ. ಕರೆಂಟು ಅವತ್ತು ಮಿಸುಕಲಿಲ್ಲ. ಹದಿನೈದಕ್ಕೆ ಏರಿ ಮುಕ್ಕಾಲು ತಾಸು ನಿಂತಿತು. ಇಳಿದ ಮೇಲೆ ತೆಗೆದರೆ ಪಟ್ಟಿ ಕಪ್ಪು ಕಪ್ಪು. ಪುಸ್ತಕದಲ್ಲಿ ನಿನ್ನೆಯದೇ ಬರೆದು ಆಗಿದೆ. ಇನ್ನು ಚೀಲ ಹಿತ್ತಲಿಗೆ ಹಾಕಿದರೆ ಕತೆ ಮುಗಿಯಿತು. ಖಾಯಂ ಪಟ್ಟಿ ಸುರಕ್ಷಿತ. ಯಾರಾದರೂ ಕೇಳಿದರೆ ಸಸ್ಯಶಾಸ್ತ್ರದವರದ್ದು ಅನ್ನುವುದು ಅಂತ ಮಾತನ್ನೂ ಜೋಡಿಸಿಟ್ಟೆ.

ಚೀಲ ಕೈಯಲ್ಲಿ ಹಿಡಿದು ಬಾಗಿಲ ತನಕ ಹೋದೆ. ವಾಪಸ್ ಬಂದೆ. ಮತ್ತೆ ಹೋದೆ. ಮೆಟ್ಟಿಲ ಮೇಲೆ ಟಕ್ ಟಕ್ ಕೇಳಿತು.

ಅಕ್ಕೋರು ಒದ್ದೆ ಕೊಡೆ ಬಾಗಿಲಿಗೆ ಒರಗಿಸಿ ಗಾಳಿ ಮೂಸಿದರು.

"ಬೆಳಿಗ್ಗೆ ಎಂತ ಈ ವಾಸನೆ? ಯಾರ ಲೋಡು?"

ಜೋಡಿಸಿಟ್ಟ ಮಾತು ನಾಲಿಗೆಯ ಮೇಲೇ ಇತ್ತು. ಯಾಕೆ ಬರಲಿಲ್ಲವೋ ಗೊತ್ತಿಲ್ಲ. ಆ ಚಿಂದಿ ಸುತ್ತಿದ ಬೆರಳು ಕಣ್ಣೆದುರು ಇತ್ತು.

"ನಿನ್ನೇದು," ಅಂದೆ.

ಅವರು ನನ್ನನ್ನು ನೋಡಿದರು. ಪುಸ್ತಕ ನೋಡಿದರು. ಯಾಕೆ ಅಂತ ಕೇಳಲಿಲ್ಲ.

"ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ. ತಂಗಿ ಪಟ್ಟಿ ನೋಡಿ ಬಿಟ್ಳು."

ಆಗ ಅಕ್ಕೋರು ಕೂತರು. ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಅವರು ಕೂತದ್ದು ನಾನು ಕಂಡದ್ದು ಅದೊಂದೇ ಸಲ. ಅರ್ಧ ನಿಮಿಷ ಕೂತಿರಬಹುದು. ಎದ್ದು ಪೆನ್ನು ಕೈಗೆ ಕೊಟ್ಟರು.

"ನಿನ್ನೆ ಬರ್ದದ್ದು ಹೊಡೆ."

ನಾನು ಗೀಚಿ ಕಪ್ಪು ಮಾಡಲು ಹೊರಟೆ. ಕೈ ಹಿಡಿದರು. "ಒಂದೇ ಗೆರೆ. ಕೆಳಗಿದ್ದದ್ದು ಓದೂಕೆ ಬರ್ಬೇಕು. ಅದರ ಕೆಳಗೆ ಆದದ್ದು ಬರಿ."

"ಪುಟ ಹರಿದ್ರೆ ಆಗ್ದಾ?"

"ಬರಿ ಮಾರಾಯ್ತಿ."

ಬರೆದೆ. 'ಕರೆಂಟು ಹೋಯಿತು. ಬೇಯಲಿಲ್ಲ. ಸುಳ್ಳು ಬರೆದೆ.' ಅಕ್ಕೋರು ಪೆನ್ನು ಕಸಿದು ಅದರ ಕೆಳಗೆ, 'ನಾನು ಬೇಗ ಹೋದೆ. ಯಾರನ್ನೂ ಜೊತೆಗೆ ನಿಲ್ಲಿಸಲಿಲ್ಲ' ಅಂತ ಬರೆದು ಸಹಿ ಹಾಕಿದರು.

"ನಿಮ್ಮನ್ನ ಯಾರು ಕೇಳಿದ್ರು?" ಅಂದೆ.

"ಕೇಳಿದ್ರೆ ಮಾತ್ರ ಬರೆಯೂದಾ?"

ಮಧ್ಯಾಹ್ನ ದೊಡ್ಡ ಸರ್, ಅಂದರೆ ವಿಭಾಗದ ಮುಖ್ಯಸ್ಥರು, ಪುಸ್ತಕ ತರಿಸಿಕೊಂಡು ನೋಡಿದರು. ನಮ್ಮಿಬ್ಬರನ್ನೂ ನಿಲ್ಲಿಸಿದರು.

"ಈ ಹೆಂಗಸು ಇನ್ನು ಮುಂದೆ ಯಂತ್ರ ಮುಟ್ಟಬಾರದು."

"ಇವಳೇ ಮುಟ್ಟಬೇಕು ಸರ್," ಅಂದರು ಅಕ್ಕೋರು.

"ಸುಳ್ಳು ಬರೆದವಳು!"

"ಹೌದು. ಬಂದು ಹೇಳಿದವಳೂ ಇವಳೇ. ಇದೇ ಪುಸ್ತಕದಲ್ಲಿ ಮುಕ್ಕಾಲು ತಾಸು ಅಂತ ಎಷ್ಟು ಜನ ಬರ್ದಿದಾರೆ, ನಿಜವಾಗಿ ನಿಂತವರು ಎಷ್ಟು ಅಂತ ನಂಗೆ ಗೊತ್ತಿಲ್ಲ ಸರ್. ಇವಳು ಇನ್ನು ನಿಲ್ತಾಳೆ, ಅದು ಗೊತ್ತು."

ಸರ್ ಪುಸ್ತಕ ಮುಚ್ಚಿ ಅಕ್ಕೋರ ಕಡೆ ನೂಕಿದರು. "ನಿಮ್ಮ ಜವಾಬ್ದಾರಿ" ಅಂದರು. ಖಾಯಂ ಪಟ್ಟಿಯಿಂದ ನನ್ನ ಹೆಸರನ್ನು ಅಲ್ಲೇ ಹೊಡೆದರು. ಅದಕ್ಕೆ ಮಾತ್ರ ಅಕ್ಕೋರು ಒಂದು ಮಾತೂ ಆಡಲಿಲ್ಲ.

ಹೊರಗೆ ಬಂದು ನಾನು ಜಗಳಕ್ಕೆ ನಿಂತೆ. "ಖಾಯಂ ಪಟ್ಟಿ ವಿಷಯ ಒಂದು ಮಾತು ಹೇಳೂಕೆ ನಿಮ್ಮ ಬಾಯಿ ಸತ್ತಿತ್ತಾ?"

"ಆ ಪಟ್ಟಿ ಅವರದ್ದು. ನೀ ತಪ್ಪು ಮಾಡಿದ್ದೆ, ಹೆಸ್ರು ಹೋತು. ಮುಂದಿನ ಸಲ ಬತ್ತದೆ." ಎರಡು ಹೆಜ್ಜೆ ಹೋಗಿ ತಿರುಗಿದರು. "ಯಂತ್ರ ನಂದು. ಅದಕ್ಕೆ ಮಾತಾಡಿದೆ."

ಖಾಯಂ ಆಗಲು ನನಗೆ ಮತ್ತೆ ಮೂರು ವರ್ಷ ಹಿಡಿಯಿತು. ಅದಕ್ಕೆ ಅವರ ಮೇಲೆ ಈಗಲೂ ಸ್ವಲ್ಪ ಸಿಟ್ಟಿದೆ. ಸತ್ತರು ಅಂತ ಸಿಟ್ಟು ಬಿಡುವುದು ನನಗೆ ಬರುವುದಿಲ್ಲ. ಆದರೆ ಅವರು ನಿವೃತ್ತರಾದ ಮೇಲೆ ನನ್ನ ಅರವತ್ತರ ತನಕ ಆ ಹಂಡೆಯ ಮುಂದೆ ನಿಂತವಳು ನಾನೇ. ಆ ಪುಸ್ತಕದಲ್ಲಿ ಒಂದೇ ಗೆರೆಯಲ್ಲಿ ಹೊಡೆದ ಸಾಲು ನನ್ನ ಅಕ್ಷರದಲ್ಲಿ ಅದೊಂದೇ ಇದೆ.

ಆ ಸಂಜೆ ಅವರ ಹತ್ತಿರ ಮಾತಾಡದೆ ಮನೆಗೆ ಹೋದೆ. ಕೆಲಸ ಬಿಟ್ಟೇ ಬಿಡುವುದು ಅಂದುಕೊಂಡೆ. ಬಸ್ಸಿನಲ್ಲೂ ಅದೇ,  ಹೊಳೆ ದಂಡೆಯಲ್ಲೂ ಅದೇ.

ಮರುದಿನ ಬೆಳಿಗ್ಗೆ ಮತ್ತೆ ಮೊದಲ ಬಸ್ಸಿಗೆ ಬಂದು, ಕುಮಟೆ ಪೇಟೆಯಲ್ಲಿ ಒಂದು ಬೂಟಿನ ಅಂಗಡಿಯ ಎದುರು ನಿಂತೆ. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ. ಅಂಗಡಿಯವನು ಬಂದು ಶಟರ್ ಅರ್ಧ ಎತ್ತುವಾಗಲೇ ಒಳಗೆ ನುಗ್ಗಿದೆ.

"ಎಂತ ಬೇಕಿತ್ತು ಅಮ್ಮ?"

"ಕಪ್ಪು ಬೂಟು. ಗಂಡಸರದ್ದು. ತೂತು ಇರಬಾರದು."

"ಯಾರಿಗೆ, ಮಗನಿಗಾ? ನಂಬರ್ ಎಷ್ಟು?"

ಹವಾಯಿ ಚಪ್ಪಲಿ ಕಳಚಿ, ಕೆಸರಾದ ಕಾಲನ್ನು ಅವನ ಸ್ಟೂಲಿನ ಮೇಲೆ ಇಟ್ಟೆ.

"ಅಳತೆ ತಕೋ," ಅಂದೆ.